ಕಾಲುಪೇಟಿಯಿಂದ ಹಾರ್ಮೊನೈಸರಿನವರೆಗೆ: ಯಾದಗಿರಿ, ಶಹಾಪುರ, ಸುರಪುರ ಪ್ರದೇಶದ ರಂಗಸಂಗೀತದಲ್ಲಿ ಜೊತೆದನಿಯ ಪಾದನಿಯಂತ್ರಣ

ಕನ್ನಡ ವೃತ್ತಿರಂಗಭೂಮಿಯ ಇತಿಹಾಸವನ್ನು ಕುರಿತ ಬರವಣಿಗೆಯಲ್ಲಿ ನಾಟಕಕಾರರಿಗೂ ಕಂಪನಿಯ ಒಡೆಯರಿಗೂ ನಟನಟಿಯರಿಗೂ ಉಚಿತವಾದ ಸ್ಥಾನ ದೊರೆತಿದೆ. ರಂಗದ ಮುಂದಣ ತಗ್ಗಿನಲ್ಲಿ, ಪ್ರೇಕ್ಷಕರಿಗೆ ಬೆನ್ನು ಮಾಡಿ, ನಟನ ಮುಖವನ್ನೇ ನೋಡುತ್ತ ಕುಳಿತಿರುತ್ತಿದ್ದ ಪೇಟಿ ಮಾಸ್ತರರಿಗೆ ಆ ಸ್ಥಾನ ದೊರೆತಿಲ್ಲ. ಅವರ ಕೈಬೆರಳುಗಳನ್ನು ಹೊಗಳಿದವರಾದರೂ ಉಂಟು. ಅವರ ಕಾಲುಗಳು ಏನು ಮಾಡುತ್ತಿದ್ದುವೆಂದು ವಿಚಾರಿಸಿದವರು ತೀರ ವಿರಳ. ಪ್ರಸ್ತುತ ಪ್ರಬಂಧದಲ್ಲಿ ನಾವು ಈ ವಿಚಾರವನ್ನೇ ಎತ್ತಿಕೊಂಡಿದ್ದೇವೆ.

ಇದಕ್ಕೆ ಪ್ರೇರಣೆಯಾದುದು ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು ಕೇಳಿದ ಪ್ರಶ್ನೆ. ಅವನು ತನ್ನೂರಿನ ಜಾತ್ರೆಯಲ್ಲಿ ರಸಮಂಜರಿ ಕಾರ್ಯಕ್ರಮವನ್ನು ನೋಡಿ ಬಂದಿದ್ದನು. ಅಲ್ಲಿ ಹಾಡುತ್ತಿದ್ದವನು ಒಬ್ಬನೇ. ಕೇಳಿಸುತ್ತಿದ್ದುದು ಮಾತ್ರ ಎರಡು ದನಿ. ಗಾಯಕನು ನಡುನಡುವೆ ಕಾಲಕೆಳಗಿನ ಪೆಟ್ಟಿಗೆಯೊಂದನ್ನು ಮೆಟ್ಟುತ್ತಿದ್ದುದನ್ನು ಅವನು ಗಮನಿಸಿದ್ದನು. “ಆ ಎರಡನೇ ದನಿ ಯಾರದ್ರೀ ಸರ್?” ಎಂದು ಕೇಳಿದನು. ಅದು ಹಾರ್ಮೊನೈಸರ್ ಎಂಬ ಯಂತ್ರದ್ದೆಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಗಾಯಕನ ದನಿಗೆ ಮತ್ತೊಂದು ದನಿಯನ್ನು ಜೋಡಿಸುವುದು, ಆ ಜೋಡಣೆಯನ್ನು ಕಾಲಿನಿಂದ ಅಂಕೆಯಲ್ಲಿಡುವುದು, ಈ ಎರಡೂ ಈ ನಾಡಿಗೆ ಹೊಸವಲ್ಲವೆಂಬುದು ಯೋಚಿಸಿದಷ್ಟೂ ನಮಗೆ ಸ್ಪಷ್ಟವಾಗುತ್ತ ಹೋಯಿತು.

೧. ಪ್ರದೇಶ

ಕೃಷ್ಣಾ ಭೀಮಾ ನದಿಗಳ ನಡುವಣ ಈ ಸೀಮೆಯ ಕಲೆಗೆ ಮೊದಲಲ್ಲಿ ಆಶ್ರಯವಾಗಿದ್ದುದು ಸುರಪುರದ ನಾಯಕರ ಸಂಸ್ಥಾನ. ರಾಜಾ ವೆಂಕಟಪ್ಪನಾಯಕನು ಬಾಲಕನಾಗಿದ್ದಾಗ, ೧೮೪೧ರಿಂದ ೧೮೫೩ರವರೆಗೆ, ಮೆಡೋಸ್ ಟೇಲರನು ಇಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದನು. ೧೮೫೮ರಲ್ಲಿ ದಂಗೆ ಅಡಗಿತು. ರಾಜನು ಅದೇ ವರ್ಷ ಮಡಿದನು. ೧೮೬೦ರ ಒಪ್ಪಂದದಿಂದ ಸಂಸ್ಥಾನವು ನಿಜಾಮನ ರಾಜ್ಯದಲ್ಲಿ ಸೇರಿಹೋಯಿತು. ಅರಮನೆಯ ಆಶ್ರಯ ತಪ್ಪಿದ ಮೇಲೆ ಕಲಾವಿದನಿಗೆ ಒಡೆಯನಾದವನು ಜಾತ್ರೆಯ ಜನ. ತಿಂಥಣಿಯ ಮೌನೇಶ್ವರ, ಮೈಲಾಪುರದ ಮೈಲಾರಲಿಂಗ, ಶಹಾಪುರದ ಚರಬಸವೇಶ್ವರ, ಸುರಪುರದ ವೇಣುಗೋಪಾಲಸ್ವಾಮಿ, ಇವರ ಉತ್ಸವಗಳೇ ಆಟಕ್ಕೂ ಹಾಡಿಕೆಗೂ ಕಾಲವನ್ನು ಗೊತ್ತುಮಾಡಿದುವು.

ಎರಡನೆಯ ಬದಲಾವಣೆ ತಂದುದು ರೈಲು. ೧೮೭೧ರಲ್ಲಿ ಮುಂಬಯಿಯ ಕಡೆಯಿಂದ ಬಂದ ಹಳಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. ಯಾದಗಿರಿ ಆ ದಾರಿಯ ಮೇಲಿನ ಊರಾಯಿತು; ಶಹಾಪುರ ಸುರಪುರಗಳು ಹಳಿಯಿಂದ ದೂರ ಉಳಿದುವು. ಪರದೆಗಳ ಗಂಟುಗಳೂ ಉಡುಪಿನ ಸಂದೂಕಗಳೂ ಭಾರವಾದ ವಾದ್ಯಗಳೂ ಯಾದಗಿರಿಯವರೆಗೆ ಸುಲಭವಾಗಿ ಬರಬಹುದಾಗಿತ್ತು. ಅಲ್ಲಿಂದ ಮುಂದಿನದು ಬಂಡಿಯ ದಾರಿ. ಈ ಭೌಗೋಳಿಕ ಸಂಗತಿ ವಾದ್ಯಗಳ ಇತಿಹಾಸಕ್ಕೆ ಅಪ್ರಕೃತವಲ್ಲವೆಂಬುದು ಮುಂದೆ ತಿಳಿಯುವುದು.

ನಿಜಾಮನ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದು. ೧೯೪೮ರ ವಿಮೋಚನೆಯವರೆಗೆ, ಒಂದು ದೃಷ್ಟಿಯಿಂದ ೧೯೫೬ರ ಏಕೀಕರಣದವರೆಗೆ, ಕನ್ನಡವು ಸಾರ್ವಜನಿಕವಾಗಿ ಗಟ್ಟಿದನಿಯಲ್ಲಿ ಕೇಳಿಬರುತ್ತಿದ್ದ ಸ್ಥಳಗಳು ಕೆಲವೇ. ಅವುಗಳಲ್ಲಿ ಆಟದ ಅಟ್ಟವೂ ಭಜನೆಯ ಕಟ್ಟೆಯೂ ಮುಖ್ಯವಾದುವು. ಆದುದರಿಂದ ಇಲ್ಲಿ ದನಿಯ ಇತಿಹಾಸವನ್ನು ಬರೆಯುವುದು ಮನರಂಜನೆಯ ಇತಿಹಾಸವನ್ನು ಬರೆದಂತೆ ಮಾತ್ರವಲ್ಲ.

೨. ಹಿಮ್ಮೇಳ

ಹಾರ್ಮೋನಿಯಂ ಬರುವುದಕ್ಕೆ ಮೊದಲೂ ಜೊತೆದನಿ ಇದ್ದಿತು. ದೊಡ್ಡಾಟದಲ್ಲಿ ಪಾತ್ರಧಾರಿಯು ಪದವನ್ನು ಎತ್ತಿದರೆ ಹಿಂದೆ ನಿಂತವರು ಅದನ್ನು ಹಿಡಿದು ಮುಂದುವರಿಸುತ್ತಾರೆ. ಅವನಿಗೆ ಉಸಿರು ಸಿಕ್ಕುವುದೂ, ರಾತ್ರಿಯೆಲ್ಲ ಹಾಡಿದರೂ ಗಂಟಲು ಉಳಿಯುವುದೂ ಈ ಏರ್ಪಾಡಿನಿಂದಲೇ. ಹಿಮ್ಮೇಳದವರು ಬೇರೊಂದು ಸ್ವರವನ್ನು ಬೇಕೆಂದು ಹಾಡುವವರಲ್ಲ. ಅದೇ ಸ್ವರವನ್ನು, ಅವರವರ ಗಂಟಲಿಗೆ ತಕ್ಕಂತೆ, ಮೇಲಣ ಅಥವಾ ಕೆಳಗಣ ಸ್ಥಾಯಿಯಲ್ಲಿ ಹಾಡುವವರು.

ಇಲ್ಲಿ ಲಕ್ಷಿಸಬೇಕಾದುದು ಪಾತ್ರಧಾರಿಯ ಕಾಲು. ಪದದ ಕೊನೆಗೆ ಗೆಜ್ಜೆಗಾಲು ಅಟ್ಟದ ಹಲಗೆಯ ಮೇಲೆ ಬಿರುಸಾಗಿ ಬೀಳುತ್ತದೆ. ಮದ್ದಳೆಯೂ ತಾಳವೂ ಹಿಮ್ಮೇಳವೂ ಆ ಹೆಜ್ಜೆಯನ್ನು ಅನುಸರಿಸುತ್ತವೆ. ಕೈಗಳು ಕತ್ತಿಯನ್ನೋ ಗದೆಯನ್ನೋ ಹಿಡಿದಿರುವಾಗ, ಬಾಯಿ ಹಾಡಿನಲ್ಲಿ ತೊಡಗಿರುವಾಗ, ಮೇಳಕ್ಕೆ ಸೂಚನೆ ಕೊಡಲು ಉಳಿದ ಅಂಗ ಕಾಲೊಂದೇ. ಹಾಡುವವನು ಜೊತೆದನಿಯನ್ನು ತನ್ನ ಪಾದದಿಂದ ನಡೆಸುವ ಪದ್ಧತಿ ಯಂತ್ರಕ್ಕಿಂತ ಹಳೆಯದೆಂದು ಹೇಳಲು ಇಷ್ಟು ಆಧಾರ ಸಾಕು.

೩. ಕಾಲುಪೇಟಿ

ಟೇಲರನು ಸುರಪುರದಲ್ಲಿದ್ದ ದಿನಗಳಲ್ಲಿಯೇ, ೧೮೪೨ರಲ್ಲಿ, ಪ್ಯಾರಿಸ್ ನಗರದ ಅಲೆಕ್ಸಾಂಡರ್ ದೆಬೇನನು ಹಾರ್ಮೋನಿಯಂ ಎಂಬ ಹೆಸರಿನ ವಾದ್ಯಕ್ಕೆ ಹಕ್ಕುಪತ್ರವನ್ನು ಪಡೆದನು. ಅದು ಮೂಲತಃ ಕಾಲಿನ ವಾದ್ಯ. ವಾದಕನು ಎರಡು ಪೆಡಲುಗಳನ್ನು ಒಂದಾದ ಮೇಲೊಂದರಂತೆ ತುಳಿಯುವನು. ತಿದಿಗಳು ಗಾಳಿಯನ್ನು ಒಂದು ಕೋಶಕ್ಕೆ ತುಂಬುವುವು. ಆ ಗಾಳಿ ಹಿತ್ತಾಳೆಯ ರೀಡುಗಳನ್ನು ನಡುಗಿಸಿ ಸ್ವರವನ್ನು ಹೊರಡಿಸುವುದು. ಇಂದು ನಮಗೆ ಪರಿಚಿತವಾದ ಕೈಪೇಟಿಯು ಆಮೇಲಿನ ರೂಪ. ನೆಲದ ಮೇಲೆ ಕುಳಿತು ಹಾಡುವ ನಮ್ಮ ಪದ್ಧತಿಗೆ ತಕ್ಕಂತೆ, ೧೯ನೆಯ ಶತಮಾನದ ಕೊನೆಯ ಪಾದದಲ್ಲಿ, ಕಲಕತ್ತೆಯ ದ್ವಾರಕಾನಾಥ ಘೋಷರು ಅದನ್ನು ರೂಢಿಗೆ ತಂದರು.

ಕೋಶವು ಗಾಳಿಯನ್ನು ಸಂಗ್ರಹಿಸಿ ಸಮನಾಗಿ ಹಂಚುವುದರಿಂದ ಕಾಲು ಹೆಚ್ಚುಕಡಿಮೆಯಾದರೂ ದನಿ ಏರುಪೇರಾಗದು. ಆದರೆ ದೆಬೇನನ ವಾದ್ಯದಲ್ಲಿ ‘ಎಕ್ಸ್‌ಪ್ರೆಷನ್’ ಎಂಬ ಒಂದು ಗುಂಡಿ ಇರುತ್ತಿದ್ದಿತು. ಅದನ್ನೆಳೆದರೆ ಕೋಶದ ದಾರಿ ಮುಚ್ಚಿ ತಿದಿಯ ಗಾಳಿ ನೇರವಾಗಿ ರೀಡಿಗೆ ಹೋಗುವುದು. ಆಗ ಪಾದದ ಒತ್ತಡವೆಲ್ಲ ದನಿಯಲ್ಲಿ ಕಾಣಿಸಿಕೊಳ್ಳುವುದು: ಮೆಲ್ಲನೆ ತುಳಿದರೆ ಮೆಲುದನಿ, ಒತ್ತಿದರೆ ಏರುದನಿ, ಕಾಲು ನಡುಗಿದರೆ ದನಿಯೂ ನಡುಗುವುದು. ಗಾಳಿಯ ಒತ್ತಡ ಬದಲಾದರೂ ರೀಡಿನ ಶ್ರುತಿ ಅಷ್ಟಾಗಿ ಬದಲಾಗದೆ ಗಾತ್ರ ಮಾತ್ರ ಬದಲಾಗುವುದರಿಂದ ಈ ಉಪಾಯ ಸಾಧ್ಯವಾಯಿತು. ಗಾಳಿ ಹಾಕುವ ಆಳಾಗಿ ವಾದ್ಯದೊಳಗೆ ಬಂದ ಕಾಲು ಈ ಗುಂಡಿಯಿಂದ ಕಲಾವಿದನಾಯಿತು.

ಮತ್ತೊಂದು ಅಂಗವನ್ನೂ ಇಲ್ಲಿಯೇ ಹೇಳಬೇಕು. ಅದು ಕಪ್ಲರ್. ಅದನ್ನು ತೊಡಗಿಸಿದರೆ ಒಂದು ಮನೆಯನ್ನು ಒತ್ತಿದಾಗ ಅದರ ಅಷ್ಟಮದ ಮನೆಯೂ ತಾನಾಗಿ ಒತ್ತಲ್ಪಡುವುದು. ಒಂದು ಬೆರಳಿಗೆ ಎರಡು ಸ್ವರ. ಅಮೆರಿಕದ ರೀಡ್ ಆರ್ಗನ್ನುಗಳಲ್ಲಿ ಮೊಣಕಾಲಿನಿಂದ ಸರಿಸುವ ಸನ್ನೆಗಳಿದ್ದುವು: ಒಂದು ಗಾತ್ರವನ್ನು ಹೆಚ್ಚಿಸಲು, ಇನ್ನೊಂದು ಎಲ್ಲ ರೀಡುಗಳನ್ನೂ ಒಮ್ಮೆಲೇ ಕೂಡಿಸಲು. ಕೈಯನ್ನು ಮನೆಗಳಿಂದ ಎತ್ತದೆ ಜೊತೆಸ್ವರವನ್ನು ತರುವ, ತೆಗೆಯುವ ಕೆಲಸವನ್ನು ಕಾಲಿಗೆ ವಹಿಸಿದ ಸ್ಪಷ್ಟ ನಿದರ್ಶನ ಇದು.

ಈ ವಾದ್ಯವು ರಂಗಭೂಮಿಗೆ ಬಂದ ಸಂದರ್ಭವನ್ನು ಸಂಕ್ಷೇಪವಾಗಿ ನೆನೆಯಬಹುದು. ೧೮೭೦ರ ದಶಕದಲ್ಲಿ ಗದಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕಮಂಡಳಿಯನ್ನು ಕಟ್ಟಿದರು. ೧೮೮೦ರಲ್ಲಿ ಪುಣೆಯಲ್ಲಿ, ಬೆಳಗಾವಿ ಸೀಮೆಯ ಗುರ್ಲಹೊಸೂರಿನವರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ‘ಶಾಕುಂತಲ’ವನ್ನು ಆಡಿಸಿ ಮರಾಠಿ ಸಂಗೀತನಾಟಕಕ್ಕೆ ಭದ್ರವಾದ ನೆಲೆಯನ್ನು ಕೊಟ್ಟರು. ೧೯೧೩ರಲ್ಲಿ ಸ್ಥಾಪಿತವಾದ ಗಂಧರ್ವ ನಾಟಕ ಮಂಡಳಿಯಲ್ಲಿ ಆರ್ಗನ್ ಪ್ರಸಿದ್ಧಿಗೆ ಬಂದಿತು. ಅದೇ ಹವೆಯಲ್ಲಿ ವಾಮನರಾವ್ ಮಾಸ್ತರ, ಗರುಡ ಸದಾಶಿವರಾಯ ಮೊದಲಾದವರ ಕನ್ನಡ ಕಂಪನಿಗಳು ಬೆಳೆದುವು. ಮಲ್ಲಿಕಾರ್ಜುನ ಮನಸೂರರಂತಹ ಗಾಯಕರು ಬಾಲ್ಯದಲ್ಲಿ ಪಾತ್ರ ಮಾಡಿ ಹಾಡಿದುದು ಇಂತಹ ಕಂಪನಿಯಲ್ಲಿಯೇ. ಮರಾಠಿಯಲ್ಲಿ ಪಾಯಪೇಟಿ, ನಮ್ಮಲ್ಲಿ ಕಾಲುಪೇಟಿ, ಮೈಸೂರು ಸೀಮೆಯಲ್ಲಿ ಲೆಗ್ ಹಾರ್ಮೋನಿಯಂ ಎಂದು ಕರೆಯಿಸಿಕೊಂಡ ವಾದ್ಯವು ಈ ರಂಗದ ಪ್ರಧಾನವಾದ್ಯವಾಯಿತು.

ಈಗ ರೈಲಿನ ಮಾತಿಗೆ ಹಿಂದಿರುಗಬಹುದು. ಕಾಲುಪೇಟಿಯು ಮಡಿಸಬಹುದಾದ ಕಾಲುಗಳುಳ್ಳದ್ದಾದರೂ ಭಾರವಾದುದು. ಸಮನಾದ ನೆಲವನ್ನೂ ಕುರ್ಚಿಯನ್ನೂ ಬೇಡುವುದು. ಕೈಪೇಟಿಯಾದರೋ ಒಬ್ಬನ ಹೆಗಲ ಮೇಲೆ ಹೋಗಬಲ್ಲದು. ಹೊರಗಿನಿಂದ ಬಂದು ಊರಲ್ಲಿ ಬಿಡಾರ ಹೂಡುವ ಕಂಪನಿಗಳೊಡನೆ ಕಾಲುಪೇಟಿಯೂ, ಹಳ್ಳಿಯ ದೊಡ್ಡಾಟ ಭಜನೆಗಳಲ್ಲಿ ಕೈಪೇಟಿಯೂ ನೆಲೆಸಿದುದಕ್ಕೆ ಸಾಗಣೆಯ ಈ ವ್ಯತ್ಯಾಸವು ಒಂದು ಕಾರಣವೆಂದು ನಮ್ಮ ಅಭಿಪ್ರಾಯ.

೪. ಮಾಸ್ತರರ ಕಾಲು

ಧ್ವನಿವರ್ಧಕವಿಲ್ಲದ ಕಾಲವನ್ನು ಕಲ್ಪಿಸಿಕೊಳ್ಳೋಣ. ತಗಡಿನ ಅಥವಾ ತಟ್ಟಿಯ ಮಂದಿರ. ಹಿಂದಿನ ಸಾಲಿನವರೆಗೆ ನಟನ ಗಂಟಲೇ ಮುಟ್ಟಬೇಕು. ಪೇಟಿ ಸಣ್ಣದಾದರೆ ನಟನಿಗೆ ಆಸರೆ ಸಾಲದು. ದೊಡ್ಡದಾದರೆ ನಟನೇ ಮುಚ್ಚಿಹೋಗುವನು. ಕೈಪೇಟಿಯಲ್ಲಿ ಎಡಗೈ ತಿದಿಗೆ ಮೀಸಲು. ಕಾಲುಪೇಟಿಯಲ್ಲಿ ಎರಡೂ ಕೈ ಬಿಡುವಾಗಿ ಎಡಗೈ ಆಧಾರಸ್ವರವನ್ನು ಹಿಡಿದರೆ ಬಲಗೈ ಗಾಯಕನನ್ನು ಅನುಸರಿಸಬಹುದು. ಕೈಗೆ ದೊರೆತ ಈ ಬಿಡುವಿನ ಬೆಲೆಯನ್ನು ತೆತ್ತುದು ಕಾಲು.

ಆ ಕಾಲಿಗೆ ಮೂರು ಕೆಲಸಗಳಿದ್ದುವೆಂದು ವಿಂಗಡಿಸಬಹುದು. ಪದ ತೊಡಗುವ ಮೊದಲು ಸ್ವರವನ್ನು ತುಂಬಿ ಕೊಡುವುದು ಮೊದಲನೆಯದು. ಗಾಯಕನು ಉಸಿರು ತೆಗೆದುಕೊಳ್ಳುವಾಗ ತೆರವನ್ನು ತುಂಬುವುದು ಎರಡನೆಯದು. ಗಾಯಕನು ಆಲಾಪಕ್ಕೋ ತಾನಕ್ಕೋ ತೊಡಗಿದಾಗ ಹಿಂದೆ ಸರಿಯುವುದು ಮೂರನೆಯದು. ಮೊದಲಿನ ಎರಡನ್ನು ಅಭ್ಯಾಸದಿಂದ ಸಾಧಿಸಬಹುದು. ಮೂರನೆಯದಕ್ಕೆ ಸಂಯಮ ಬೇಕು. ಗಾಯಕನ ಮುಂದಿನ ಸ್ವರವನ್ನು ಮೊದಲೇ ಊಹಿಸುವ ಸಂಸ್ಕಾರ ಬೇಕು. ತುಳಿಯುವುದಕ್ಕಿಂತ ತುಳಿಯದಿರುವುದೇ ಈ ವಿದ್ಯೆಯ ಸಾರ.

ಇಂತಹ ವಿದ್ಯೆಯ ದಾಖಲೆ ಏಕೆ ಉಳಿಯಲಿಲ್ಲ? ಒಂದು ಕಾರಣ ರೇಡಿಯೋ. ಹಾರ್ಮೋನಿಯಂ ಸ್ವರಗಳು ಸ್ಥಿರವಾದುವು, ಗಮಕಕ್ಕೂ ನಮ್ಮ ಶ್ರುತಿಗಳಿಗೂ ಒಗ್ಗದವು ಎಂಬ ಆಕ್ಷೇಪಣೆಯಿಂದ ಆಲ್ ಇಂಡಿಯಾ ರೇಡಿಯೋ ೧೯೪೦ರಲ್ಲಿ ಅದನ್ನು ನಿಷೇಧಿಸಿತು. ನಿಷೇಧ ಸಡಿಲವಾದುದು ೧೯೭೧ರಲ್ಲಿ. ಕಲಬುರಗಿಯ ಆಕಾಶವಾಣಿ ಕೇಂದ್ರ ೧೯೬೬ರಲ್ಲಿ ತೊಡಗಿತು. ಎಂದರೆ ಈ ಸೀಮೆಗೆ ತನ್ನದೇ ಆದ ಬಾನುಲಿ ದೊರೆತ ಮೊದಲ ವರ್ಷಗಳಲ್ಲಿ, ಇಲ್ಲಿಯ ಪ್ರತಿಯೊಂದು ಆಟದಲ್ಲಿಯೂ ಭಜನೆಯಲ್ಲಿಯೂ ಕೇಳಿಬರುತ್ತಿದ್ದ ವಾದ್ಯಕ್ಕೆ ಅಲ್ಲಿ ಪ್ರವೇಶವಿರಲಿಲ್ಲ. ಶ್ರುತಿಶುದ್ಧಿಯ ದೃಷ್ಟಿಯಿಂದ ಆಕ್ಷೇಪಣೆ ಅರ್ಥವಿಲ್ಲದ್ದೆಂದು ನಾವು ಹೇಳುವುದಿಲ್ಲ. ಆದರೆ ಅದರ ಫಲವಾಗಿ ಇತಿಹಾಸಕಾರನ ಕೈಗೆ ಬರಬೇಕಾಗಿದ್ದ ಒಂದು ಬಗೆಯ ಆಕರವು ಬಾರದೆ ಹೋಯಿತೆಂಬುದನ್ನು ಮರೆಯುವಂತಿಲ್ಲ.

೫. ಹಾರ್ಮೊನೈಸರ್

ಪ್ರಸ್ತುತ ಯಂತ್ರದ ವಿಷಯಕ್ಕೆ ಬರೋಣ. ಅಮೆರಿಕದ ಇವೆಂಟೈಡ್ ಸಂಸ್ಥೆಯು ೧೯೭೫ರಲ್ಲಿ ‘ಎಚ್ ೯೧೦’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಹಾರ್ಮೊನೈಸರ್ ಎಂಬ ಹೆಸರು ಆ ಸಂಸ್ಥೆಯದೇ. ಯಂತ್ರವು ಒಳಗೆ ಬಂದ ದನಿಯನ್ನು ಅಂಕೆಗಳಾಗಿ ಮಾರ್ಪಡಿಸಿ, ಬೇರೊಂದು ವೇಗದಲ್ಲಿ ಓದಿ, ಕಾಲಾವಧಿಯನ್ನು ಕೆಡಿಸದೆ ಶ್ರುತಿಯನ್ನು ಏರಿಸುವುದು ಅಥವಾ ಇಳಿಸುವುದು. ಮೂಲದ ದನಿಯೊಡನೆ ಅದನ್ನು ಕೂಡಿಸಿದರೆ ಒಬ್ಬನೇ ಇಬ್ಬರಂತೆ ಹಾಡುವನು. ೧೯೮೯ರಲ್ಲಿ ಡಿಜಿಟೆಕ್ ಸಂಸ್ಥೆಯ ‘ವ್ಯಾಮಿ’ ಬಂದಿತು. ಅದರಲ್ಲಿ ಶ್ರುತಿಯ ಏರಿಳಿತವೇ ಪೆಡಲಿನ ಮೇಲೆ ನಿಂತಿದೆ. ಹಿಮ್ಮಡಿಯಿಂದ ಮುಂಗಾಲಿಗೆ ಭಾರ ಹೋದಂತೆ ಸ್ವರವು ಜಾರುವುದು.

ಈ ಪೆಡಲಿಗೆ ವಾದಕರ ಬಳಕೆಯಲ್ಲಿರುವ ಹೆಸರು ‘ಎಕ್ಸ್‌ಪ್ರೆಷನ್ ಪೆಡಲು’. ಇದು ಆಕಸ್ಮಿಕವಲ್ಲ. ಪಾಶ್ಚಾತ್ಯ ಚರ್ಚಿನ ಆರ್ಗನ್ನಿನಲ್ಲಿ ಗಾತ್ರವನ್ನು ಹೆಚ್ಚು ಕಡಿಮೆ ಮಾಡುವ ಪೆಡಲಿಗೆ ಅದೇ ಹೆಸರು. ೧೯೩೫ರ ಹ್ಯಾಮಂಡ್ ವಿದ್ಯುದಾರ್ಗನ್ನಿನ ಪೆಡಲಿಗೂ ಅದೇ ಹೆಸರು. ಹಾರ್ಮೋನಿಯಂ ಹಾರ್ಮೊನೈಸರಿನ ತಾಯಿಯೆಂದು ನಾವು ವಾದಿಸುವುದಿಲ್ಲ. ಒಂದು ಗಾಳಿಯ ಯಂತ್ರ, ಇನ್ನೊಂದು ಗಣಿತದ ಯಂತ್ರ. ಆದರೆ ಭಾವವನ್ನು ಪಾದದ ವಶಕ್ಕೆ ಕೊಡುವ ಕಲ್ಪನೆಯೂ ಆ ಹೆಸರೂ ರೀಡಿನ ಮತ್ತು ಕೊಳವೆಯ ವಾದ್ಯಗಳ ಮನೆಯಿಂದಲೇ ಬಂದುವೆಂಬುದು ನಿರ್ವಿವಾದ.

ಆದರೆ ನಮ್ಮ ಸಂಗೀತಕ್ಕೆ ಈ ಯಂತ್ರವು ಒಡ್ಡುವ ತೊಡಕು ಬೇರೆಯದು. ಒಂದು ಉದಾಹರಣೆಯಿಂದ ಇದನ್ನು ಪರೀಕ್ಷಿಸಬಹುದು. ಕರ್ನಾಟಕ ಪದ್ಧತಿಯ ಮೋಹನಕ್ಕೆ ಸಮಾನವಾದ ಭೂಪ ರಾಗದಲ್ಲಿ ಸ ರಿ ಗ ಪ ಧ ಎಂಬ ಐದೇ ಸ್ವರಗಳು. ಮಧ್ಯಮ ನಿಷಾದಗಳು ವರ್ಜ್ಯ. ಯಂತ್ರವನ್ನು ಶುದ್ಧಸ್ವರಗಳ ಸಪ್ತಕಕ್ಕೆ ಹೊಂದಿಸಿ, ಹಾಡಿದ ಸ್ವರದಿಂದ ಎಣಿಸಿ ಮೂರನೆಯ ಸ್ವರವನ್ನು ಜೊತೆಗೂಡಿಸುವಂತೆ ಇಟ್ಟರೆ, ಷಡ್ಜಕ್ಕೆ ಗಾಂಧಾರವೂ ಗಾಂಧಾರಕ್ಕೆ ಪಂಚಮವೂ ಧೈವತಕ್ಕೆ ಮೇಲಣ ಷಡ್ಜವೂ ಬರುವುವು. ಇವು ರಾಗಕ್ಕೆ ಸಲ್ಲುವುವು. ಆದರೆ ರಿಷಭಕ್ಕೆ ಮಧ್ಯಮವೂ ಪಂಚಮಕ್ಕೆ ನಿಷಾದವೂ ಬಂದುಬಿಡುವುವು. ಗಾಯಕನ ಬಾಯಿ ಭೂಪದಲ್ಲಿದ್ದರೂ ಜೊತೆದನಿ ರಾಗವನ್ನು ಮುರಿಯುವುದು. ಮೂರನೆಯದರ ಬದಲು ಐದನೆಯ ಸ್ವರವನ್ನು ಕೂಡಿಸಿದರೆ ಷಡ್ಜಕ್ಕೆ ಪಂಚಮ, ರಿಷಭಕ್ಕೆ ಧೈವತ, ಪಂಚಮಕ್ಕೆ ಮೇಲಣ ರಿಷಭ, ಧೈವತಕ್ಕೆ ಮೇಲಣ ಗಾಂಧಾರ ದೊರೆಯುವುವು. ತಪ್ಪುವುದು ಗಾಂಧಾರವೊಂದೇ, ಅದಕ್ಕೆ ನಿಷಾದ ಬರುವುದರಿಂದ. ಅಷ್ಟಮ ಸ್ವರವನ್ನು ಕೂಡಿಸಿದರೆ ಎಲ್ಲಿಯೂ ದೋಷವಿಲ್ಲ. ಪೇಟಿಯ ಕಪ್ಲರ್ ಅಷ್ಟಮವನ್ನೇ ಕೂಡಿಸುವುದೂ, ದೊಡ್ಡಾಟದ ಹಿಮ್ಮೇಳವು ಸ್ಥಾಯಿಭೇದವನ್ನು ಬಿಟ್ಟು ಬೇರೆ ಸ್ವರಕ್ಕೆ ಹೋಗದಿರುವುದೂ ಎಷ್ಟು ಸುರಕ್ಷಿತವಾದ ದಾರಿಯೆಂಬುದು ಇದರಿಂದ ವಿದಿತವಾಗುತ್ತದೆ.

ಹಾಗಾದರೆ ಮೂರನೆಯ ಅಥವಾ ಐದನೆಯ ಸ್ವರವನ್ನು ಬಳಸಲೇಬಾರದೆ? ಬಳಸಬಹುದು, ಕಾಲು ಎಚ್ಚರವಾಗಿರಬೇಕು. ಐದನೆಯದನ್ನು ಕೂಡಿಸಿಕೊಂಡ ಗಾಯಕನು ಗಾಂಧಾರದ ಮೇಲೆ ನಿಲ್ಲುವಾಗ ಪೆಡಲಿನಿಂದ ಜೊತೆದನಿಯನ್ನು ತೆಗೆಯಬೇಕು. ಮೂರನೆಯದಾದರೆ ರಿಷಭ ಪಂಚಮಗಳೆರಡರಲ್ಲಿಯೂ ತೆಗೆಯಬೇಕು. ಮೀಂಡಿನಲ್ಲಿ ತೊಡಕು ಇನ್ನೂ ಹೆಚ್ಚು. ಕಂಠವು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಿರುವಾಗ, ಸಪ್ತಕಕ್ಕೆ ಕಟ್ಟಿಹಾಕಿದ ಯಂತ್ರವು ಮೆಟ್ಟಿಲು ಹತ್ತಿದಂತೆ ನೆಗೆಯುವುದು. ಅಲ್ಲಿಯೂ ಕಾಲನ್ನು ಹಿಂದೆಗೆದುಕೊಳ್ಳುವುದೇ ಉಪಾಯ. ಪೇಟಿ ಮಾಸ್ತರರ ಮೂರನೆಯ ಕೆಲಸ, ಹಿಂದೆ ಸರಿಯುವುದು, ಇಲ್ಲಿ ಮತ್ತೆ ನಮಗೆ ಎದುರಾಗುತ್ತದೆ.

೬. ಸಮಾರೋಪ

ಈ ವಿವೇಚನೆಯಿಂದ ನಾವು ತಲುಪುವ ನಿರ್ಣಯ ಇಷ್ಟು. ಗೆಜ್ಜೆಗಾಲು, ಕಾಲುಪೇಟಿ, ಹಾರ್ಮೊನೈಸರ್ ಪೆಡಲು, ಈ ಮೂರರಲ್ಲಿಯೂ ಕಾಲಿಗೆ ಒಪ್ಪಿಸಿದ ಕೆಲಸ ಒಂದೇ: ಜೊತೆದನಿ ಯಾವಾಗ ಬರಬೇಕು, ಎಷ್ಟು ಬರಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ತೀರ್ಮಾನಿಸುವುದು. ಬದಲಾದುದು ಆ ಜೊತೆದನಿಯ ಒಡೆತನ. ದೊಡ್ಡಾಟದಲ್ಲಿ ಅದು ಊರವರದು. ತಪ್ಪಿದರೆ ಗದರಿಸಬಹುದಾದ, ಸೊಗಸಾದರೆ ಮೆಚ್ಚಬಹುದಾದ ಮನುಷ್ಯರದು. ಕಂಪನಿಯಲ್ಲಿ ಅದು ಸಂಬಳದ ಮಾಸ್ತರರದು. ಯಂತ್ರದಲ್ಲಿ ಅದು ಗಾಯಕನದೇ ದನಿಯ ನೆರಳು. ಮೂವರು ಮಾಡುತ್ತಿದ್ದ ಕೆಲಸ ಒಬ್ಬನಿಗೆ ಬಂದಾಗ ಖರ್ಚು ಉಳಿಯುವುದು ನಿಜ. ಬೇಡವೆನ್ನುವವರು ಯಾರೂ ಉಳಿಯದೆ ಹೋಗುವುದೂ ನಿಜ. ಹಿಮ್ಮೇಳದ ಹಿರಿಯನು ತಪ್ಪು ಸ್ವರಕ್ಕೆ ದನಿಗೂಡಿಸದೆ ನಿಲ್ಲಬಲ್ಲವನಾಗಿದ್ದನು. ಯಂತ್ರವು ನಿಲ್ಲದು, ನಿಲ್ಲಿಸುವ ಹೊಣೆಯೆಲ್ಲ ಗಾಯಕನ ಪಾದದ ಮೇಲೆಯೇ ಬಿದ್ದಿದೆ.

ಹೀಗೆಂದು ನಾವು ಹೊಸ ಯಂತ್ರವನ್ನು ತೆಗಳುತ್ತಿಲ್ಲ. ಹಾರ್ಮೋನಿಯಮ್ಮನ್ನೂ ಒಂದು ಕಾಲದಲ್ಲಿ ಪರಕೀಯವೆಂದು ಹೊರಗಿಟ್ಟಿದ್ದರು. ಈಗ ಅದಿಲ್ಲದ ಭಜನೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟ. ವಿದ್ಯಾರ್ಥಿಗಳಿಂದ ನಾವು ಬಯಸುವುದು ಬೇರೊಂದು. ಯಾದಗಿರಿ, ಶಹಾಪುರ, ಸುರಪುರಗಳಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಮನೆಯ ಅಟ್ಟದ ಮೇಲೋ ಗುಡಿಯ ಮೂಲೆಯಲ್ಲೋ ಹಳೆಯ ಪೇಟಿಗಳಿದ್ದರೆ ಅವನ್ನು ಹುಡುಕಬೇಕು. ಅವುಗಳ ಮೇಲಿನ ತಯಾರಕರ ಹೆಸರನ್ನೂ ರೀಡುಗಳ ಸಾಲುಗಳನ್ನೂ ಕಪ್ಲರ್ ಇದೆಯೇ ಇಲ್ಲವೇ ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು. ಪೆಡಲಿನ ಹಲಗೆಯ ಸವೆತವನ್ನು ವಿಶೇಷವಾಗಿ ನೋಡಬೇಕು. ಯಾವ ಕಾಲು ಹೆಚ್ಚು ತುಳಿಯಿತು, ಮುಂಗಾಲೋ ಹಿಮ್ಮಡಿಯೋ ಎಂಬುದನ್ನು ಆ ಹಲಗೆ ಹೇಳೀತು. ಕಂಪನಿಗಳಲ್ಲಿ ಬಾರಿಸಿದ ಹಿರಿಯರು ಇದ್ದರೆ ಅವರ ಮಾತನ್ನು ಅವರ ನುಡಿಯಲ್ಲಿಯೇ ಬರೆದುಕೊಳ್ಳಬೇಕು. ಶಾಸನವನ್ನು ಓದುವವನಿಗೆ ಕಲ್ಲಿನ ಸವೆತ ಹೇಗೋ ಈ ವಿಷಯದಲ್ಲಿ ಹಲಗೆಯ ಸವೆತವೂ ಹಾಗೆಯೇ.

ಆ ವಿದ್ಯಾರ್ಥಿಯ ಪ್ರಶ್ನೆಗೆ ನಾವು ಅಂದು ಕೊಟ್ಟ ಉತ್ತರ ಅಪೂರ್ಣವಾಗಿದ್ದಿತು. ಎರಡನೆಯ ದನಿ ಯಂತ್ರದ್ದು. ಅದನ್ನು ತಡೆದು ನಿಲ್ಲಿಸುವ ವಿವೇಕ ಮಾತ್ರ ಮನುಷ್ಯನದು. ಆ ವಿವೇಕವನ್ನು ಈ ಸೀಮೆಯ ಮಾಸ್ತರರು ಹೇಗೆ ಕಲಿತರು, ಹೇಗೆ ಕಲಿಸಿದರು ಎಂಬುದನ್ನು ತಿಳಿಯುವ ಕಾರ್ಯಕ್ಕೆ ಈ ಪ್ರಬಂಧವು ಒಂದು ಆರಂಭವಾದರೆ ನಮ್ಮ ಶ್ರಮ ಸಾರ್ಥಕ.